ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ, ಆದರೂ ಗೇರ್‌ಬಾಕ್ಸ್ ಆಯಿಲ್ ಕಾಣೆ: ಒಂದು ಫೋರ್‌ವೀಲ್ ಡ್ರೈವ್ ಪ್ರಕರಣ

ಗಾಡಿ ಮತ್ತು ಅದರ ಹಿನ್ನೆಲೆ

ಲ್ಯಾಡರ್ ಫ್ರೇಮ್‌ನ ಡೀಸೆಲ್ ಫೋರ್‌ವೀಲ್ ಡ್ರೈವ್. ಐದು ಗೇರ್‌ಗಳ ಆಟೋಮ್ಯಾಟಿಕ್, ಅದರ ಬೆನ್ನಿಗೇ ಬೋಲ್ಟ್ ಮಾಡಿದ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ. ಓಡಿದ್ದು 1,40,000 ಕಿಲೋಮೀಟರ್ ಆಸುಪಾಸು. ಈಗಿನ ಮಾಲೀಕರು ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು. ಅವರದಾಗಲಿ, ಮೊದಲು ಕೆಲಸ ಮಾಡಿದ ಗ್ಯಾರೇಜಿನದಾಗಲಿ ಗುರುತು ಸಿಗಬಾರದೆಂದು ಕೆಲವು ವಿವರ ಬಿಟ್ಟಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ, ಯಾಕೆಂದರೆ ಈ ಕಥೆ ನಿಂತಿರುವುದೇ ಅಳತೆಗಳ ಮೇಲೆ.

ಎಂಜಿನ್ ಆಯಿಲ್ ಬದಲಿಸಿದ ಬಿಲ್‌ಗಳೆಲ್ಲ ನೀಟಾಗಿ ಫೈಲ್‌ನಲ್ಲಿದ್ದವು. ಗೇರ್‌ಬಾಕ್ಸ್ ಆಯಿಲ್, ಅಂದರೆ ಎಟಿಎಫ್, ಬದಲಿಸಿದ ದಾಖಲೆ ಒಂದೂ ಇರಲಿಲ್ಲ. ಕೊಡುವಾಗ ಹಳೆಯ ಮಾಲೀಕರು "ಅದು ಜೀವಮಾನವಿಡೀ ಬರುವ ಆಯಿಲ್, ಮುಟ್ಟೋದೇ ಬೇಡ" ಅಂದಿದ್ದರಂತೆ. ತುಂಬ ಜನ ಹೀಗೇ ನಂಬಿದ್ದಾರೆ. ಆದರೆ ಗೇರ್‌ಬಾಕ್ಸ್‌ಗಳನ್ನೇ ತಯಾರಿಸುವ ಜೆಡ್‌ಎಫ್ ಕಂಪನಿ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅನ್ನುತ್ತದೆ. ಗಾಡಿಯ ಬಳಕೆ ಕಠಿಣವಾದಷ್ಟೂ ಈ ಅಂತರ ಕಡಿಮೆಯಾಗುತ್ತದೆ. ಈ ಗಾಡಿಯ ಬಳಕೆ ಕಠಿಣದ್ದೇ. ಟ್ರೇಲರ್ ಎಳೆಯುವುದು, ಮರಳಿನಲ್ಲಿ ಓಡಿಸುವುದು, ಆಗಾಗ ನೀರು ದಾಟುವುದು. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ ಟಾರ್ಕ್ ಕನ್ವರ್ಟರ್. ಮರಳಿನಲ್ಲಿ ನಿಧಾನಕ್ಕೆ ಎಳೆಯುವಾಗ ಅದು ಲಾಕ್ ಆಗಿ ಎರಡನ್ನೂ ನೇರವಾಗಿ ಜೋಡಿಸುವುದಿಲ್ಲ. ಒಳಗೆ ಆಯಿಲ್ ಕಡೆದಂತೆ ತಿರುಗಿ ಬಿಸಿಯಾಗುತ್ತದೆ, ಆ ಬಿಸಿಯೇ ಅದರ ಆಯುಷ್ಯ ತಿನ್ನುತ್ತದೆ.

ತೊಂದರೆ ಶುರುವಾದದ್ದು

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದರೆ ಗೇರ್ ತಕ್ಷಣ ಹಿಡಿಯುತ್ತಿರಲಿಲ್ಲ. ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ 'ಧಡ್' ಎಂದು ಹಿಡಿಯುತ್ತಿತ್ತು. ಕಡಿದಾದ ಏರಿನಲ್ಲಿ ತಿರುವು ಬಂದಾಗ ಎಂಜಿನ್ ಸುಮ್ನೆ ಮೇಲಕ್ಕೆ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಏರಿನಲ್ಲೂ ತೊಂದರೆ ಕಡಿಮೆ.

ಈ ಕೊನೆಯ ಮಾತನ್ನು ಮಾಲೀಕರು ಎಲ್ಲರಿಗೂ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎಟಿಎಫ್ ಬಿಸಿಯಾದಾಗ ಹಿಗ್ಗುತ್ತದೆ, ಪ್ಯಾನ್‌ನಲ್ಲಿ, ಅಂದರೆ ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆಯಲ್ಲಿ, ಮಟ್ಟ ಏರುತ್ತದೆ. ತಣ್ಣಗಿದ್ದಾಗ ಜಾಸ್ತಿ ತೊಂದರೆ, ಬಿಸಿಯಾದಾಗ ಕಡಿಮೆ ಅಂದರೆ ಮೊದಲ ಅನುಮಾನ ಆಯಿಲ್ ಮಟ್ಟದ ಮೇಲೆ ಬರಬೇಕು. ಕ್ಲಚ್ ಪ್ಲೇಟ್‌ಗಳು ಸವೆದಿದ್ದರೆ ಅಥವಾ ಒಳಗಿನ ಸೀಲ್‌ಗಳು ಸೋರುತ್ತಿದ್ದರೆ ಸಾಮಾನ್ಯವಾಗಿ ಇದರ ಉಲ್ಟಾ ಆಗುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಷ್ಟೂ ಒತ್ತಡ ಬೀಳುತ್ತದೆ, ಜಾರುವುದು ಹೆಚ್ಚುತ್ತದೆ. ಏರಿನ ಲಕ್ಷಣವೂ ಅದೇ ಕಡೆಗೆ ಬೊಟ್ಟು ಮಾಡುತ್ತಿತ್ತು. ಗಾಡಿ ವಾಲಿದಾಗ ಆಯಿಲ್ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಫಿಲ್ಟರ್ ಬಾಯಿ ಬರಿದಾಗಿ ಪಂಪ್ ಗಾಳಿ ಎಳೆಯುತ್ತದೆ. ಗಾಳಿ ಬೆರೆತ ಆಯಿಲ್‌ನಿಂದ ಕ್ಲಚ್ ಬಿಗಿಯಾಗಿ ಹಿಡಿಯುವುದಿಲ್ಲ.

ಮೊದಲ ಗ್ಯಾರೇಜಿನಲ್ಲಿ ಏನಾಯಿತು

ಈ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ ಇಲ್ಲ. ಪ್ಯಾನ್ ಹತ್ತಿರ ಒಂದು ಚೆಕ್ ಪ್ಲಗ್ ಇದೆ. ಅದರ ಒಳಗೆ ನಿಂತಿರುವ ಸಣ್ಣ ಕೊಳವೆಯ ತುದಿಯೇ ಸರಿಯಾದ ಮಟ್ಟ. ಅದಕ್ಕಿಂತ ಮೇಲಿರುವ ಆಯಿಲ್ ಹೊರಗೆ ಹರಿಯುತ್ತದೆ, ಅಷ್ಟೇ. ಆದರೆ ಇದಕ್ಕೆ ಒಂದು ಷರತ್ತು ಇದೆ. ಎಂಜಿನ್ ಓಡುತ್ತಿರಬೇಕು, ಆಯಿಲ್ ಹೇಳಿದ ತಾಪಮಾನದಲ್ಲಿರಬೇಕು.

ಗ್ಯಾರೇಜಿನವರು ಎಂಜಿನ್ ಆಫ್ ಮಾಡಿ ಪ್ಲಗ್ ತೆಗೆದರು. ಆಯಿಲ್ ಭರ್ರೆಂದು ಸುರಿಯಿತು. "ನೋಡಿ, ಜಾಸ್ತಿನೇ ಇದೆ" ಎಂದು ಅದು ಹನಿಹನಿಯಾಗುವವರೆಗೆ ಬಿಟ್ಟು ಪ್ಲಗ್ ಹಾಕಿದರು. ಸುಮಾರು ಅರ್ಧ ಲೀಟರ್ ಹೋಗಿರಬಹುದು ಎಂದು ಪಕ್ಕದಲ್ಲೇ ನಿಂತಿದ್ದ ಮಾಲೀಕರ ಅಂದಾಜು.

ಎಂಜಿನ್ ಓಡುವಾಗ ಪಂಪ್ ಪ್ಯಾನ್‌ನಿಂದ ಆಯಿಲ್ ಎತ್ತಿ ಟಾರ್ಕ್ ಕನ್ವರ್ಟರ್, ಆಯಿಲನ್ನು ಕ್ಲಚ್‌ಗಳಿಗೆ ಹಂಚುವ ವಾಲ್ವ್ ಬಾಡಿ, ಕೂಲರ್ ಎಲ್ಲವನ್ನೂ ತುಂಬಿಟ್ಟಿರುತ್ತದೆ. ಎಂಜಿನ್ ನಿಂತರೆ ಅದರಲ್ಲಿ ಒಂದಷ್ಟು ಪ್ಯಾನ್‌ಗೆ ಇಳಿದು ಬರುತ್ತದೆ, ಅಲ್ಲಿ ಮಟ್ಟ ಏರುತ್ತದೆ. ಆಗ ಪ್ಲಗ್ ತೆಗೆದರೆ ಆಯಿಲ್ ಕೊರತೆ ಇರುವ ಗೇರ್‌ಬಾಕ್ಸ್ ಕೂಡ ತುಂಬಿ ತುಳುಕುವ ಹಾಗೆ ಕಾಣುತ್ತದೆ. ಎಂಜಿನ್ ಆಫ್ ಮಾಡಿಯೇ ನೋಡಿ ಎನ್ನುವ ಕಂಪನಿಗಳೂ ಇವೆ, ಹಾಗಾಗಿ ಒಂದು ಗಾಡಿಯ ಅಭ್ಯಾಸ ಇನ್ನೊಂದಕ್ಕೆ ನಡೆಯುವುದಿಲ್ಲ. ಇಲ್ಲಿ ಆದದ್ದು ಇಷ್ಟು: ಮೊದಲೇ ಕಡಿಮೆ ಇದ್ದ ಆಯಿಲ್ ಇನ್ನೂ ಅರ್ಧ ಲೀಟರ್ ಕಡಿಮೆಯಾಯಿತು.

ತೊಂದರೆ ಹೆಚ್ಚಾಯಿತು. "ಆಯಿಲ್ ಹಳೆಯದು, ಬದಲಿಸೋಣ" ಎಂದರು. ಡ್ರೈನ್ ಪ್ಲಗ್ ತೆಗೆದರು, ಬಂದಷ್ಟು ಅಳೆದರು, ಅಷ್ಟೇ ಹೊಸದು ಹಾಕಿದರು. ಅಳೆದದ್ದು ಒಳ್ಳೆಯ ಅಭ್ಯಾಸವೇ. ಬಿಲ್‌ನಲ್ಲಿ ಬರೆದಿದ್ದದ್ದು ಎರಡೂವರೆ ಲೀಟರ್. ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಡ್ರೈನ್ ಮಾಡಿದರೆ ಬರಬೇಕಾದದ್ದು ಸುಮಾರು ನಾಲ್ಕು ಲೀಟರ್.

ಉತ್ತರ ಆ ಬಿಲ್‌ನಲ್ಲೇ ಇತ್ತು. ನಾಲ್ಕು ಬರಬೇಕಾದ ಕಡೆ ಎರಡೂವರೆ ಬಂದರೆ ಉಳಿದ ಒಂದೂವರೆ ಎಲ್ಲಿ ಎಂದು ಯಾರಾದರೂ ಕೇಳಬೇಕಿತ್ತು. ಬಂದಷ್ಟೇ ಹಾಕು ಎನ್ನುವ ಸೂತ್ರ ನಡೆಯುವುದು ಮೊದಲೇ ಮಟ್ಟ ಸರಿಯಿದ್ದರೆ ಮಾತ್ರ. ಇಲ್ಲದಿದ್ದರೆ ಹಳೆಯ ಕೊರತೆಯನ್ನೇ ಹೊಸ ಆಯಿಲ್‌ನಲ್ಲಿ ಜೋಪಾನವಾಗಿ ಕಾಪಾಡಿದ ಹಾಗೆ.

ಹಾಕಿದ್ದು ಎಲ್ಲ ಗಾಡಿಗೂ ಆಗುತ್ತದೆ ಎನ್ನುವ ಯೂನಿವರ್ಸಲ್ ಎಟಿಎಫ್. ಆಮೇಲೆ ಹೊಸದೊಂದು ಕಾಟ ಸೇರಿಕೊಂಡಿತು. 70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟರೆ ಸಣ್ಣ ನಡುಕ, ಕಾಲು ತೆಗೆದರೆ ಮಾಯ. ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್ ಹಿಡಿಯುವಾಗ ಬರುವ ನಡುಕ ಇದು. ಎಟಿಎಫ್‌ನಲ್ಲಿ ಕ್ಲಚ್ ಎಷ್ಟು ನಯವಾಗಿ ಹಿಡಿಯಬೇಕು ಎಂದು ತೀರ್ಮಾನಿಸುವ ರಾಸಾಯನಿಕಗಳಿರುತ್ತವೆ. ಅವು ಆ ಗೇರ್‌ಬಾಕ್ಸ್‌ಗೆ ಹೊಂದದಿದ್ದರೆ ಅಥವಾ ಹಳತಾಗಿ ಸತ್ವ ಕಳೆದುಕೊಂಡರೆ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ.

ಕೊನೆಗೆ ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು ಎಂದರು. ಗಾಡಿ ನಮ್ಮ ಹತ್ತಿರ ಬಂದದ್ದು ಆಗ.

ಬಿಚ್ಚುವ ಮೊದಲು ಅಳೆಯೋಣ

ಬಿಚ್ಚುವ ಮಾತು ಪಕ್ಕಕ್ಕಿಟ್ಟೆವು. ಸ್ಕ್ಯಾನರ್‌ನಲ್ಲಿ ಗೇರ್ ರೇಷಿಯೋ ತಪ್ಪಾದ ಕೋಡ್ ಇರಲಿಲ್ಲ. ಆಯಿಲ್‌ಗೆ ಸುಟ್ಟ ವಾಸನೆಯೂ ಇರಲಿಲ್ಲ. ಬಣ್ಣ ಕಂದು, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎಟಿಎಫ್‌ನ ಕೆಂಪು ಬರೀ ಗುರುತಿಗೆ ಹಾಕಿದ ಬಣ್ಣ, ಆಯಿಲ್ ಚೆನ್ನಾಗಿರುವಾಗಲೂ ಮಾಸುತ್ತದೆ. ಮೂಗು ಹೇಳುವುದನ್ನು ನಂಬಬಹುದು.

ಲೆವೆಲ್ ನೋಡುವ ಕೆಲಸಕ್ಕೆ ನಾಲ್ಕೂ ಚಕ್ರ ಸಮವಾಗಿ ಎತ್ತುವ ಲಿಫ್ಟ್ ಬೇಕು. ಮುಂದೆ ಮಾತ್ರ ಜ್ಯಾಕ್ ಕೊಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ. ಫೋರ್‌ವೀಲ್ ಡ್ರೈವ್‌ನಲ್ಲಿ ಇನ್ನೊಂದು ಎಚ್ಚರವನ್ನು ಇಲ್ಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫರ್ ಕೇಸ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ, ಗೇರ್ ಪಾರ್ಕ್‌ನಲ್ಲಿದ್ದರೂ ಗಾಡಿ ಉರುಳುತ್ತದೆ. ಪಾರ್ಕ್‌ನ ಕೊಕ್ಕೆ ಹಿಡಿಯುವುದು ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟನ್ನು. ನ್ಯೂಟ್ರಲ್‌ನಲ್ಲಿ ಆ ಶಾಫ್ಟಿಗೂ ಚಕ್ರಗಳಿಗೂ ಸಂಬಂಧವೇ ಕಳಚಿರುತ್ತದೆ. ನೆಲದ ಮೇಲೆ ಗಾಡಿ ಅಡಿ ಮಲಗಿ ಕೆಲಸ ಮಾಡುವವರು ಲಿವರ್ ನೋಡದೆ, ಚಕ್ರಕ್ಕೆ ಅಡ್ಡ ಕೊಡದೆ ಮಲಗಲೇಬಾರದು.

ಮೊದಲು ಫಿಲ್ ಪ್ಲಗ್ ಸಡಿಲ ಮಾಡಿದೆವು. ಯಾವ ಆಯಿಲ್ ಕೆಲಸದಲ್ಲೂ ನನ್ನ ಹಟ ಇದು. ಡ್ರೈನ್ ಮಾಡಿದ ಮೇಲೆ ಫಿಲ್ ಪ್ಲಗ್ ತುಕ್ಕು ಹಿಡಿದು ಬಿಚ್ಚಲು ಬರದಿದ್ದರೆ ಗಾಡಿ ಅಲ್ಲೇ ಕೂತಿತು, ಅಲ್ವಾ? ಆಮೇಲೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ, ಪಾರ್ಕ್‌ನಿಂದ ಒಂದೊಂದೇ ಗೇರ್‌ಗೆ ನಿಧಾನವಾಗಿ ಹೋಗಿ ಮತ್ತೆ ಪಾರ್ಕ್‌ಗೆ ತಂದೆವು. ಒಳಗಿನ ದಾರಿಗಳೆಲ್ಲ ತುಂಬಲಿ ಎಂದು. ಸ್ಕ್ಯಾನರ್‌ನಲ್ಲಿ ಆಯಿಲ್ ತಾಪಮಾನ ನೋಡುತ್ತ ಕಾದೆವು. ಈ ಗೇರ್‌ಬಾಕ್ಸ್‌ಗೆ ಹೇಳಿರುವುದು 35ರಿಂದ 45 ಡಿಗ್ರಿ. 38 ಆದಾಗ, ಎಂಜಿನ್ ಓಡುತ್ತಿದ್ದಂತೆಯೇ, ಚೆಕ್ ಪ್ಲಗ್ ತೆಗೆದೆವು.

ಒಂದು ಹನಿಯೂ ಬರಲಿಲ್ಲ.

ಕೈಪಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಸರಿಯಾದ ನಮೂನೆಯ ಎಟಿಎಫ್ ಹಾಕುತ್ತ ಹೋದೆವು. ಚೆಕ್ ಪ್ಲಗ್‌ನ ತೂತಿನಿಂದ ತೆಳ್ಳಗೆ ಎಳೆ ಕಾಣಿಸಿದಾಗ ಒಳಗೆ ಹೋಗಿದ್ದು 1.4 ಲೀಟರ್. ಎಳೆ ಹನಿಯಾಗುವಷ್ಟು ಬಿಟ್ಟು ಪ್ಲಗ್ ಬಿಗಿ ಮಾಡಿದೆವು. ಗಾಡಿ ಇಳಿಸಿ ರಿವರ್ಸ್ ಹಾಕಿದರೆ ತಕ್ಷಣ ಹಿಡಿಯಿತು. ಏರಿನಲ್ಲೂ ಎಂಜಿನ್ ಕೂಗಲಿಲ್ಲ.

1.4 ಲೀಟರ್ ಎಲ್ಲಿ ಹೋಯಿತು?

ಮಾಲೀಕರಿಗೆ ಖುಷಿಯಾಗಿ ಗಾಡಿ ತೆಗೆದುಕೊಂಡು ಹೊರಡಲು ತಯಾರಾದರು. ತಡೆದದ್ದು ಅವರಿಗೆ ಅಷ್ಟು ಇಷ್ಟವಾಗಲಿಲ್ಲ. ಆದರೆ ಎಟಿಎಫ್ ಎಂಜಿನ್ ಆಯಿಲ್ ಹಾಗೆ ಓಡುತ್ತ ಓಡುತ್ತ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಹೋಗಿದೆ. ಅರ್ಧ ಲೀಟರ್ ಲೆಕ್ಕ ಸಿಗುತ್ತದೆ, ಮೊದಲ ಗ್ಯಾರೇಜಿನಲ್ಲಿ ಸುರಿದದ್ದು. ಉಳಿದ 0.9?

ಗಾಡಿ ನಿಲ್ಲಿಸುವ ಜಾಗದಲ್ಲಿ ಕಲೆ ಇರಲಿಲ್ಲ. ಪ್ಯಾನ್ ಗ್ಯಾಸ್ಕೆಟ್ ಒಣಗಿತ್ತು, ಕೂಲರ್ ಪೈಪ್‌ಗಳ ಜೋಡಣೆ ಒಣಗಿತ್ತು, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಬೆಲ್ ಹೌಸಿಂಗ್ ಅಡಿಯೂ ಒಣಗಿತ್ತು. ಮುಂದಿನ ಅನುಮಾನ ರೇಡಿಯೇಟರ್. ಎಟಿಎಫ್ ಕೂಲರ್ ಅದರ ಒಳಗೇ ಇರುವ ಗಾಡಿಗಳಲ್ಲಿ ನಡುವಿನ ಗೋಡೆ ತೂತಾದರೆ ಎಟಿಎಫ್ ಮತ್ತು ಎಂಜಿನ್ ಕೂಲಂಟ್ ಎರಡೂ ಬೆರೆಯುತ್ತವೆ. ಆಗ ಎಟಿಎಫ್ ಗುಲಾಬಿ ಬಣ್ಣದ ಹಾಲಿನಂತಾಗುತ್ತದೆ. ಕೂಲಂಟ್‌ನ ಗ್ಲೈಕಾಲ್ ಕ್ಲಚ್ ಪ್ಲೇಟ್‌ಗಳ ಅಂಟನ್ನೇ ಬಿಡಿಸಿಬಿಡುತ್ತದೆ. ಹಾಗಾಗಿದ್ದರೆ ಗೇರ್‌ಬಾಕ್ಸ್ ಬಿಚ್ಚದೆ ಗತಿಯಿರಲಿಲ್ಲ. ಕೂಲಂಟ್ ಟ್ಯಾಂಕ್‌ನಲ್ಲಿ ಟಾರ್ಚ್ ಬಿಟ್ಟು ನೋಡಿದೆವು, ಮೇಲೆ ಎಣ್ಣೆಯ ಪದರ ಇರಲಿಲ್ಲ. ಎಟಿಎಫ್ ತಿಳಿಯಾಗಿತ್ತು.

ಉಳಿದದ್ದು ಒಂದೇ ಜಾಗ. ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟ್ ನೇರವಾಗಿ ಟ್ರಾನ್ಸ್‌ಫರ್ ಕೇಸ್ ಒಳಗೆ ಹೋಗುತ್ತದೆ. ಎರಡರ ಆಯಿಲ್‌ಗಳನ್ನು ಬೇರೆ ಮಾಡಿ ಇಡುವುದು ಶಾಫ್ಟ್ ಸುತ್ತ ಇರುವ ರಬ್ಬರ್ ತುಟಿಯ ಒಂದು ಸೀಲ್. ಅದು ಸೋತರೆ ಆಯಿಲ್ ಹೊರಗೆ ಬರುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ.

ಟ್ರಾನ್ಸ್‌ಫರ್ ಕೇಸ್‌ನ ಫಿಲ್ ಪ್ಲಗ್ ತೆಗೆದೆವು. ಅಲ್ಲಿ ಆಯಿಲ್ ತೂತಿನ ಕೆಳ ಅಂಚಿಗೆ ಬಂದು ನಿಂತಿರಬೇಕು, ಬೆರಳು ಬಾಗಿಸಿದರೆ ತುದಿಗೆ ತಾಗಬೇಕು. ಪ್ಲಗ್‌ನ ಕೊನೆಯ ಸುತ್ತು ಬಿಡುವ ಮೊದಲೇ ಆಯಿಲ್ ಮೊಣಕೈವರೆಗೆ ಹರಿಯಿತು. ಪೂರ್ತಿ ಡ್ರೈನ್ ಮಾಡಿ ಅಳೆದಾಗ 2.1 ಲೀಟರ್. ಅದರಲ್ಲಿ ಇರಬೇಕಾದದ್ದು 1.2. ಹೆಚ್ಚಿನ 0.9 ಅಲ್ಲೇ ಸಿಕ್ಕಿತು. ಈ ಟ್ರಾನ್ಸ್‌ಫರ್ ಕೇಸ್‌ಗೆ ಹಾಕುವುದು ದಪ್ಪ ಗೇರ್ ಆಯಿಲ್. ಡಬ್ಬಿಯಲ್ಲಿ ಬಿದ್ದದ್ದು ಮಾತ್ರ ನೀರು ನೀರಾಗಿ, ಬೆಳಕಿಗೆ ಹಿಡಿದರೆ ಕೆಂಪು ಛಾಯೆ. ವಾಸನೆಯಲ್ಲಿ ಗೇರ್ ಆಯಿಲ್‌ನ ಗಂಧಕದ ಘಾಟು ಇತ್ತು. ಎರಡೂ ಬೆರೆತಿವೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಕೆಲವು ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್‌ಗೂ ಎಟಿಎಫ್ ಹಾಕುತ್ತಾರೆ. ಅಂಥ ಕಡೆ ಬಣ್ಣವೂ ವಾಸನೆಯೂ ಏನೂ ಹೇಳುವುದಿಲ್ಲ, ಲೆವೆಲ್ ಒಂದೇ ದಾರಿ.

ಸೀಲ್ ಸೋತದ್ದು ಯಾಕೆ

ಸೀಲ್‌ಗೆ ವಯಸ್ಸಾಗಿತ್ತು, ಸರಿ. ಆದರೆ ಮೇಲಿನ ಬ್ರೀದರ್ ಪೈಪ್ ಬಿಚ್ಚಿ ನೋಡಿದಾಗ ಪೂರ್ತಿ ಕಾರಣ ಸಿಕ್ಕಿತು. ಪೈಪ್ ತುದಿಯಲ್ಲಿ ಕೆಸರು ಒಣಗಿ ಬಿರಡೆಯ ಹಾಗೆ ಕೂತಿತ್ತು, ಊದಿದರೆ ಗಾಳಿಯೇ ಹೋಗುತ್ತಿರಲಿಲ್ಲ. ಗೇರ್‌ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಬ್ರೀದರ್ ಅದನ್ನು ಹೊರಗೆ ಬಿಡುತ್ತದೆ. ದಾರಿ ಮುಚ್ಚಿದರೆ ಆ ಒತ್ತಡ ಸೀಲ್‌ಗಳ ಮೇಲೆ ಬೀಳುತ್ತದೆ, ಯಾವುದು ದುರ್ಬಲವೋ ಅದು ಮೊದಲು ಸೋಲುತ್ತದೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಇದರ ಉಲ್ಟಾ. ಒಳಗಿನ ಗಾಳಿ ಕುಗ್ಗಿ ಎಳೆತ ಉಂಟಾಗುತ್ತದೆ, ಸೀಲ್ ಅಂಚಿನಿಂದ ನೀರು ಒಳಗೆ ಬರಬಹುದು. ನೀರು ದಾಟುವ ಗಾಡಿಗಳಲ್ಲಿ ಬ್ರೀದರ್ ಪೈಪನ್ನು ಎತ್ತರಕ್ಕೆ ಒಯ್ಯುವುದು ಇದಕ್ಕೇ.

ಇಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಸೀಲ್ ಬದಲಿಸಲು ಟ್ರಾನ್ಸ್‌ಫರ್ ಕೇಸ್ ಇಳಿಸಬೇಕು, ಕೆಲಸ ದೊಡ್ಡದು. ಒತ್ತಡವೇ ಕಾರಣವಾದರೆ ಬ್ರೀದರ್ ಬಿಡಿಸಿದ ಮೇಲೆ ಸೀಲ್ ತಡೆದೀತು ಎಂದು ಮಾಲೀಕರ ವಾದ. ತಪ್ಪು ವಾದವೇನಲ್ಲ. ಬ್ರೀದರ್ ಪೈಪ್ ಹೊಸದು ಹಾಕಿ, ಟ್ರಾನ್ಸ್‌ಫರ್ ಕೇಸ್‌ಗೆ ಸರಿಯಾದ ಗೇರ್ ಆಯಿಲ್ 1.2 ಲೀಟರ್ ತುಂಬಿ ಕಳಿಸಿದೆವು. ಕೆಲವು ವಾರ ಬಿಟ್ಟು ಬಂದು ತೋರಿಸಿ, ಅಲ್ಲಿಯವರೆಗೆ ಟ್ರೇಲರ್ ಎಳೆಯಬೇಡಿ ಎಂದೆವು.

ಮತ್ತೆ ಪ್ಲಗ್ ತೆಗೆದಾಗ ಆಯಿಲ್ ಅಂಚು ದಾಟಿ ಹೊರಬಂತು. ಮೊದಲಿನಷ್ಟಲ್ಲ, ಒಂದು ಲೋಟದಷ್ಟು. ಕೆಂಪು ಛಾಯೆಯೂ ಇತ್ತು. ಇನ್ನು ವಾದ ಉಳಿಯಲಿಲ್ಲ.

ಸೀಲ್, ಆಮೇಲೆ ಆಯಿಲ್

ಟ್ರಾನ್ಸ್‌ಫರ್ ಕೇಸ್ ಇಳಿಸಿದಾಗ ಸೀಲ್‌ನ ತುಟಿ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿತ್ತು, ಒತ್ತಿದರೆ ಬಾಗುತ್ತಿರಲಿಲ್ಲ. ಹೊಸ ಸೀಲ್ ಕೂರಿಸುವ ಮೊದಲು ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿದೆವು. ಹಳೆ ಸೀಲ್ ಉಜ್ಜಿ ಗೆರೆ ಬಿದ್ದಿದ್ದರೆ ಉಗುರಿಗೆ ಸಿಗುತ್ತದೆ, ಹೊಸದೂ ಸೋರುತ್ತದೆ. ಗೆರೆ ಇರಲಿಲ್ಲ. ಶಾಫ್ಟ್ ಅಲ್ಲಾಡಿಸಿ ಆಟವೂ ಇಲ್ಲ ಎಂದು ಖಾತ್ರಿ ಮಾಡಿಕೊಂಡೆವು.

ಎಟಿಎಫ್ ಬದಲಿಸುವ ಕೆಲಸಕ್ಕೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಡ್ರೈನ್ ಮಾಡಿದಾಗ ಈ ಸಲ ಬಂದದ್ದು ನಾಲ್ಕು ಲೀಟರ್‌ಗೆ ತುಸು ಕಡಿಮೆ. ಮ್ಯಾನ್ಯುಯಲ್ ಹೇಳುವ ಅಳತೆಗೆ ಹತ್ತಿರ. ಪ್ಯಾನ್ ಬಿಚ್ಚಿದೆವು. ಅದರೊಳಗಿನ ಮ್ಯಾಗ್ನೆಟ್‌ಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು, ಬೆರಳುಗಳ ನಡುವೆ ತಿಕ್ಕಿದರೆ ಹರಳು ಸಿಗದಷ್ಟು ನುಣುಪು. ಇದು ಮಾಮೂಲಿ ಸವೆತ. ಚೂಪು ಚೂರುಗಳಿದ್ದರೆ, ಮ್ಯಾಗ್ನೆಟ್‌ಗೆ ಅಂಟದ ಹಿತ್ತಾಳೆ ಬಣ್ಣದ ಪುಡಿ ಅಥವಾ ಕಪ್ಪು ಪದರಗಳು ಪ್ಯಾನ್ ತಳದಲ್ಲಿದ್ದರೆ ಚಿಂತೆ ಮಾಡಬೇಕಿತ್ತು. ಯಾವುದೂ ಇರಲಿಲ್ಲ. ಫಿಲ್ಟರ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿದೆವು. ಪ್ಯಾನ್ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಿದೆವು. ಜೋರು ಹಾಕಿದರೆ ಅಲ್ಯೂಮಿನಿಯಂನಲ್ಲಿರುವ ಬೋಲ್ಟ್ ಥ್ರೆಡ್ ಕಿತ್ತುಬರುತ್ತದೆ.

ಮಷೀನ್ ಜೋಡಿಸಿ ಒಂದೇ ಸಲಕ್ಕೆ ಎಲ್ಲ ಆಯಿಲ್ ಬದಲಿಸೋಣವೇ ಎಂದು ಮಾಲೀಕರು ಕೇಳಿದರು. ಹಳೆಯ ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಹಾಕಿದರೆ ಕೆಡುತ್ತದೆ ಎಂದೂ ಯಾರೋ ಹೆದರಿಸಿದ್ದರು. ನಾನು ನೋಡಿದ ಮಟ್ಟಿಗೆ, ಜನ ಆಯಿಲ್ ನೆನಪಿಸಿಕೊಳ್ಳುವುದೇ ಗೇರ್ ಜಾರಲು ಶುರುವಾದ ಮೇಲೆ. ಆಮೇಲೆ ಕೆಟ್ಟರೆ ಬೈಗುಳ ಹೊಸ ಆಯಿಲ್‌ಗೆ. ಆದರೂ ಹಂತಹಂತವಾಗಿ ಹೋಗುವುದನ್ನೇ ಆರಿಸಿಕೊಂಡೆವು. ಈ ಗೇರ್‌ಬಾಕ್ಸ್‌ನಲ್ಲಿ ಒಟ್ಟು ಹತ್ತು ಲೀಟರ್ ಇರುತ್ತದೆ. ಒಮ್ಮೆ ಡ್ರೈನ್ ಮಾಡಿದರೆ ನಾಲ್ಕು ಬರುತ್ತದೆ, ಉಳಿದದ್ದು ಕನ್ವರ್ಟರ್ ಮತ್ತು ಕೂಲರ್‌ನಲ್ಲೇ. ಮೊದಲ ಡ್ರೈನ್‌ಗೆ ಹೊಸದು ಶೇಕಡಾ 40, ನಡುವೆ ಓಡಿಸಿ ಬೆರೆಸಿ ಎರಡನೆಯದಕ್ಕೆ 64, ಮೂರನೆಯದಕ್ಕೆ 78. ಇಲ್ಲಿ ಹಳೆ ಆಯಿಲ್ ಜೊತೆಗೆ ಆ ಯೂನಿವರ್ಸಲ್ ಆಯಿಲ್ ಕೂಡ ಹೊರಗೆ ಹೋಗಬೇಕಿತ್ತು, ಹಾಗಾಗಿ ಮೂರೂ ಮಾಡಿದೆವು. ಪ್ರತಿ ಸಲವೂ ಎಂಜಿನ್ ಓಡಿಸಿ, ತಾಪಮಾನ ನೋಡಿಯೇ ಲೆವೆಲ್. ಅಳತೆ ಮೀರಿ ತುಂಬಿದರೂ ಕಷ್ಟವೇ. ತಿರುಗುವ ಭಾಗಗಳು ಆಯಿಲ್‌ಗೆ ತಾಗಿ ನೊರೆ ಎಬ್ಬಿಸುತ್ತವೆ, ಮತ್ತೆ ಪಂಪ್‌ಗೆ ಗಾಳಿ.

ಲಾಕಪ್ ನಡುಕ ಎರಡನೇ ಡ್ರೈನ್ ನಂತರವೇ ನಿಂತಿತು.

ಈಗ ಗಾಡಿ ಹೇಗಿದೆ

ಟ್ರೇಲರ್ ಎಳೆದು, ಮರಳಿನಲ್ಲಿ ಓಡಿಸಿ ತಿಂಗಳುಗಳಾದ ಮೇಲೆ ಎರಡೂ ಲೆವೆಲ್ ನೋಡಿದೆವು. ಚೆಕ್ ಪ್ಲಗ್‌ನಿಂದ ತೆಳುವಾದ ಎಳೆ, ಟ್ರಾನ್ಸ್‌ಫರ್ ಕೇಸ್‌ನಲ್ಲಿ ಬೆರಳ ತುದಿಗೆ ತಾಗುವಷ್ಟೇ ಆಯಿಲ್, ಕೆಂಪು ಇಲ್ಲ. ಮಾಲೀಕರು ಈಗ ಎರಡೂ ಪ್ಲಗ್‌ಗಳನ್ನು ಒಂದೇ ದಿನ ನೋಡಿಸುತ್ತಾರೆ. ಬ್ರೀದರ್ ತುದಿಯನ್ನು ಕೆಸರಿನಿಂದ ಬಂದ ಕೂಡಲೇ ತಾವೇ ಒರೆಸುತ್ತಾರೆ. ಡ್ರೈನ್ ಮಾಡಿದಾಗ ಎಷ್ಟು ಬಂತು, ಎಷ್ಟು ಹಾಕಿದರು ಎರಡನ್ನೂ ಮ್ಯಾನ್ಯುಯಲ್ ಅಳತೆಯ ಪಕ್ಕದಲ್ಲೇ ಬರೆಯಿಸಿಕೊಳ್ಳುತ್ತಾರೆ.

ಎಲ್ಲವೂ ಹೊಸದರಂತಾಗಿಲ್ಲ. ತಣ್ಣಗಿರುವಾಗ ಎರಡರಿಂದ ಮೂರನೇ ಗೇರ್‌ಗೆ ಹೋಗುವಾಗ ಸಣ್ಣ ಜರ್ಕ್ ಉಳಿದಿದೆ. ಆಯಿಲ್ ಕಡಿಮೆಯಿದ್ದಾಗ ಏರಿನಲ್ಲಿ ಜಾರಿದ ಕ್ಲಚ್ ಸ್ವಲ್ಪ ಸವೆದಿರಬೇಕು ಎಂದು ನನ್ನ ಊಹೆ. ಸದ್ಯಕ್ಕೆ ಮುಟ್ಟುವುದು ಬೇಡ ಎಂದು ತೀರ್ಮಾನಿಸಿದ್ದೇವೆ. ಲೆವೆಲ್ ಸರಿಯಿದ್ದೂ ಆ ಜರ್ಕ್ ಬಿಸಿ ಗಾಡಿಯಲ್ಲೂ ಕಾಣಿಸಿಕೊಂಡರೆ ಮೊದಲು ಪ್ರೆಶರ್ ಟೆಸ್ಟ್, ಗೇರ್‌ಬಾಕ್ಸ್ ಬಿಚ್ಚುವ ಮಾತು ಅದರ ರಿಸಲ್ಟ್ ನೋಡಿದ ಮೇಲೆ.